ಅರಿಶಿನಕುಂಟೆಯಿಂದ ಅಮೆರಿಕದ ವೈದ್ಯವಿದ್ಯಾಲಯಕ್ಕೆ

ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೊರಟವರು ನೆಲಮಂಗಲವನ್ನು ಮುಟ್ಟುವ ಮೊದಲು ದಾಟಿಹೋಗುವ ಊರು ಅರಿಶಿನಕುಂಟೆ. ಹೆದ್ದಾರಿಯ ವೇಗದಲ್ಲಿ ಈ ಊರಿನ ಫಲಕವನ್ನು ಓದುವಷ್ಟು ವ್ಯವಧಾನ ಬಹುಮಂದಿಗೆ ಇರುವುದಿಲ್ಲ. ಓದಿದವರಿಗೆ ಆ ಹೆಸರಿನ ಸೊಬಗು ತಿಳಿದೀತು. ಕುಂಟೆಯೆಂದರೆ ಬಯಲುಸೀಮೆಯ ಮಾತಿನಲ್ಲಿ ಕೆರೆಗಿಂತ ಚಿಕ್ಕದಾದ, ಮಳೆಯ ನೀರು ತುಂಬಿ ನಿಲ್ಲುವ, ದನಕರುಗಳ ಬಾಯಾರಿಕೆ ತೀರಿಸುವ ಹೊಂಡ. ಅದರ ಜೊತೆಗೆ ಅರಿಶಿನವೂ ಸೇರಿಕೊಂಡು ಊರಿಗೆ ಮಂಗಳಕರವಾದ ಹೆಸರು ಬಂದಿದೆ.

ಕಳೆದ ಮೇ ತಿಂಗಳ ಕೊನೆಯ ವಾರದಲ್ಲಿ ನಾವು ದಂಪತಿಗಳು ಈ ಊರಿಗೆ ಹೋಗಿದ್ದೆವು. ಮೊದಲಿನಂತೆ ಮೆಜೆಸ್ಟಿಕ್‌ನಿಂದ ಬಸ್ಸಿನಲ್ಲಿ ನಿಂತು ಬೆವರುವ ಪ್ರಮೇಯ ಈಗಿಲ್ಲ. 2024ರ ನವೆಂಬರಿನಲ್ಲಿ ಮೆಟ್ರೋ ರೈಲು ಮಾದಾವರದವರೆಗೆ ಬಂದಿದೆ. ಅಲ್ಲಿ ಇಳಿದು ನೆಲಮಂಗಲದ ಬಸ್ಸು ಹತ್ತಿದರೆ ಪ್ರಯಾಣ ಸುಗಮ. ರಸ್ತೆಯ ಎರಡೂ ಬದಿಗೆ ಉಗ್ರಾಣಗಳು, ಲಾರಿ ನಿಲ್ದಾಣಗಳು, ಕಾರ್ಖಾನೆಗಳು, ಬಡಾವಣೆಗಳ ಬಣ್ಣಬಣ್ಣದ ಜಾಹೀರಾತುಗಳು. ಅವುಗಳ ಹಿಂದೆ ಅಲ್ಲಲ್ಲಿ ಇನ್ನೂ ಉಳಿದಿರುವ ರಾಗಿಯ ಹೊಲಗಳು. ಮುಂಗಾರಿಗೆ ಮುಂಚಿನ ಒಂದೆರಡು ಹದಮಳೆ ಬಿದ್ದು ಕೆಂಪು ಮಣ್ಣು ಉಳುಮೆಗೆ ಸಿದ್ಧವಾಗಿತ್ತು.

ಊರಿಗೆ ಬಂದವರು ಸಾಮಾನ್ಯವಾಗಿ ನೋಡುವ ಸ್ಥಳ ವಿಶ್ವಶಾಂತಿ ಆಶ್ರಮ. ಇದನ್ನು ಸ್ಥಾಪಿಸಿದವರು ಸಂತ ಕೇಶವದಾಸರು. 1934ರಲ್ಲಿ ಜನಿಸಿ 1997ರಲ್ಲಿ ದೇಹತ್ಯಾಗ ಮಾಡಿದ ಅವರು ಹರಿಕಥೆ, ಭಜನೆಗಳನ್ನು ಕನ್ನಡನಾಡಿನ ಊರೂರಿನಲ್ಲಿ ನಡೆಸಿದುದಲ್ಲದೆ ಅಮೆರಿಕಕ್ಕೂ ಹೋಗಿ, ಕ್ಯಾಲಿಫೋರ್ನಿಯದ ಓಕ್‌ಲ್ಯಾಂಡ್ ನಗರದಲ್ಲಿ ದೇಗುಲವೊಂದನ್ನು ನೆಲೆಗೊಳಿಸಿದವರು. ಆಶ್ರಮದ ಆವರಣದಲ್ಲಿ ವಿಜಯವಿಠ್ಠಲನ ಭವ್ಯಮೂರ್ತಿ ಇದೆ, ಗೀತಾಮಂದಿರವಿದೆ. ಬೆಳಗಿನ ತಂಪಿನಲ್ಲಿ ಅಲ್ಲಿ ಒಂದು ಗಳಿಗೆ ಕುಳಿತರೆ ಹೆದ್ದಾರಿಯ ಸದ್ದು ದೂರವಾದಂತೆ ಭಾಸವಾಗುತ್ತದೆ. ಈ ಸಣ್ಣ ಊರಿಗೂ ಅಮೆರಿಕಕ್ಕೂ ನಂಟು ಹೊಸದೇನಲ್ಲ ಎಂಬುದನ್ನು ಹೇಳಲು ಇಷ್ಟು ಬರೆಯಬೇಕಾಯಿತು. ನಾವು ಹೋದ ಮನೆಯಲ್ಲಿಯೂ ಆ ದಿನಗಳಲ್ಲಿ ಅಮೆರಿಕದ ಮಾತೇ ನಡೆದಿತ್ತು.

ಪಡಸಾಲೆಯ ಮಾತು

ಅದು ನಮ್ಮ ಹತ್ತಿರದ ಬಂಧುಗಳ ಮನೆ. ಎಂಬತ್ತು ದಾಟಿದ ಹಿರಿಯರು, ಅವರ ಧರ್ಮಪತ್ನಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಮನೆತನಕ್ಕೆ ಹಿಂದೆ ಹತ್ತಾರು ಎಕರೆ ಹೊಲವಿತ್ತು. ಪಾಲುಪಾರೀಕತ್ತು, ರಸ್ತೆ, ಬಡಾವಣೆ ಎಂದು ಕರಗಿ ಈಗ ಉಳಿದಿರುವುದು ಎರಡೂವರೆ ಎಕರೆ ಮಾತ್ರ. ಮೊಮ್ಮಗಳು ಪಿ.ಯು.ಸಿ. ಮುಗಿಸಿ ನೀಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರೂ ಸರ್ಕಾರಿ ಸೀಟಿಗೆ ಬೇಕಾದ ರ‍್ಯಾಂಕ್ ಬಂದಿರಲಿಲ್ಲ. ಅದೇ ಸಮಯದಲ್ಲಿ ಅಮೆರಿಕದ ಕಾಲೇಜೊಂದು ಜೀವಶಾಸ್ತ್ರದ ಪದವಿಗೆ ದೊಡ್ಡ ಮೊತ್ತದ ವಿದ್ಯಾರ್ಥಿವೇತನ ಕೊಡಲು ಒಪ್ಪಿದ್ದರಿಂದ ಅಲ್ಲಿಗೆ ಹೋದಳು. ಈಗ ಮೂರು ವರ್ಷ ಮುಗಿಸಿ ಬೇಸಿಗೆಯ ರಜೆಗೆ ಬಂದಿದ್ದಳು. ಅವಳ ಹಂಬಲ ಅಲ್ಲಿಯೇ ಎಂ.ಡಿ. ಓದಿ ವೈದ್ಯೆಯಾಗಬೇಕೆಂಬುದು.

ಊಟಕ್ಕೆ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಕೊನೆಗೆ ಹಿತ್ತಲಿನ ಹಲಸಿನ ತೊಳೆ. ಊಟವಾದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಕುಳಿತಾಗ ಹುಡುಗಿಯ ತಂದೆ ನೇರವಾಗಿ ವಿಷಯಕ್ಕೆ ಬಂದರು. ಬಡಾವಣೆಗೆ ತಾಗಿಕೊಂಡಿರುವ ಒಂದು ಎಕರೆಯನ್ನು ಕೊಳ್ಳಲು ಜನ ಬಂದಿದ್ದಾರೆ. ಕೊಟ್ಟರೆ ಮಗಳ ವಿದ್ಯೆಗೆ ಆಗುತ್ತದೆ. ನೀವು ಹಿರಿಯರು, ಏನು ಹೇಳುತ್ತೀರಿ ಎಂಬುದು ಅವರ ಪ್ರಶ್ನೆ.

"ಭೂಮಿ ಓದಿಗೆ ಹೋದ್ರೆ ನಷ್ಟ ಅಲ್ಲ ಅಂತ ನಮ್ಮಪ್ಪ ಹೇಳ್ತಿದ್ರು. ನಾನು ರುಜು ಹಾಕೋಕೆ ಸಿದ್ಧ" ಎಂದರು ಅಜ್ಜನವರು.

ಎಲ್ಲರಿಗಿಂತ ಮೊದಲು ಬೇಡವೆಂದವಳು ಹುಡುಗಿಯೇ. "ಅಪ್ಪಾಜಿ, ಈಗಲೇ ಮಾರಬೇಡಿ. ಸೀಟು ಸಿಗತ್ತೆ ಅನ್ನೋದೇ ಗೊತ್ತಿಲ್ಲ. ಆ ಎಕರೆಯಲ್ಲಿ ತಮ್ಮನಿಗೂ ಪಾಲಿದೆ" ಎಂದಳು. ಒಂಬತ್ತನೆಯ ತರಗತಿಯ ತಮ್ಮ ತಲೆ ತಗ್ಗಿಸಿ ಹಲಸಿನ ಬೀಜ ಎಣಿಸುತ್ತಿದ್ದ. ಮನೆಯಲ್ಲಿ ಸ್ವಲ್ಪ ಹೊತ್ತು ಮೌನ. ಆ ಬಳಿಕ ಅವಳು ತನ್ನ ನೋಟುಪುಸ್ತಕ ತೆರೆದು ನಮಗೆ ವಿವರಿಸಿದ ಸಂಗತಿಗಳನ್ನೂ, ಊರಿಗೆ ಮರಳಿದ ಮೇಲೆ ನಾವು ಬಲ್ಲವರಿಂದ ಕೇಳಿ ಖಚಿತಪಡಿಸಿಕೊಂಡ ವಿವರಗಳನ್ನೂ ಇಲ್ಲಿ ಕ್ರಮವಾಗಿ ಇಡುತ್ತಿದ್ದೇವೆ. ನಮ್ಮ ಎಷ್ಟೋ ಮನೆಗಳಲ್ಲಿ ಇಂಥ ಮಾತು ನಡೆಯುತ್ತಿರುವುದರಿಂದ ಇದು ಉಪಯುಕ್ತವಾದೀತೆಂದು ನಂಬಿದ್ದೇವೆ.

ಅಲ್ಲಿನ ಕ್ರಮವೇ ಬೇರೆ

ನಮ್ಮಲ್ಲಿ ಪಿ.ಯು.ಸಿ. ಆದೊಡನೆ ಎಂ.ಬಿ.ಬಿ.ಎಸ್. ಸೇರಬಹುದು. ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷಕ್ಕೆ ವೈದ್ಯನಾಗಬಹುದು. ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷದ ಪದವಿ ಪಡೆಯಬೇಕು. ಆಮೇಲೆ ನಾಲ್ಕು ವರ್ಷದ ಎಂ.ಡಿ. ಅಲ್ಲಿನ ಎಂ.ಡಿ. ನಮ್ಮ ಎಂ.ಬಿ.ಬಿ.ಎಸ್.ಗೆ ಸಮನಾದ ಮೊದಲ ವೈದ್ಯಪದವಿಯೇ ಹೊರತು ನಮ್ಮ ಸ್ನಾತಕೋತ್ತರ ಎಂ.ಡಿ. ಅಲ್ಲ. ಅದಾದ ಬಳಿಕ ಕನಿಷ್ಠ ಮೂರು ವರ್ಷದ ರೆಸಿಡೆನ್ಸಿ ತರಬೇತಿ. ಹೀಗೆ ಪಿ.ಯು.ಸಿ. ಮುಗಿದ ಮೇಲೆ ಹನ್ನೊಂದು ವರ್ಷಗಳ ದೀರ್ಘ ವ್ಯಾಸಂಗ.

ಪದವಿಯಲ್ಲಿ ಯಾವ ವಿಷಯವನ್ನಾದರೂ ಓದಬಹುದು. ಆದರೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವರಸಾಯನಶಾಸ್ತ್ರ ಮೊದಲಾದವನ್ನು ಪ್ರಯೋಗಶಾಲೆಯ ಸಹಿತ ಓದಿರಬೇಕೆಂದು ಬಹುತೇಕ ವಿದ್ಯಾಲಯಗಳು ಕೇಳುತ್ತವೆ. ಅದರ ಮೇಲೆ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ. 1928ರಿಂದ ಬೇರೆ ಬೇರೆ ರೂಪಗಳಲ್ಲಿ ನಡೆದುಬಂದಿರುವ ಈ ಪರೀಕ್ಷೆಯ ಈಗಿನ ಮಾದರಿ 2015ರಲ್ಲಿ ಬಂತು. ಊಟದ ಬಿಡುವೂ ಸೇರಿ ಏಳು ಗಂಟೆಗೂ ಮೀರಿದ ಪರೀಕ್ಷೆಯಲ್ಲಿ 230 ಪ್ರಶ್ನೆಗಳು, ನಾಲ್ಕು ಭಾಗಗಳು. ಅಂಕಗಳು 472ರಿಂದ 528ರವರೆಗೆ. ಮೂರು ಭಾಗಗಳು ವಿಜ್ಞಾನ, ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳಿಗೆ ಮೀಸಲು. ಉಳಿದ ಒಂದು ಭಾಗದಲ್ಲಿ ವಿಜ್ಞಾನದ ಸುಳಿವೇ ಇರುವುದಿಲ್ಲ. ಇತಿಹಾಸ, ತತ್ತ್ವ, ಕಲೆಗಳ ಬಗೆಗಿನ ಗದ್ಯಭಾಗಗಳನ್ನು ಕೊಟ್ಟು ಲೇಖಕನ ವಾದವನ್ನು ಗ್ರಹಿಸುವ ಶಕ್ತಿಯನ್ನು ಅಳೆಯುತ್ತಾರೆ. ನಮ್ಮ ಮಕ್ಕಳಿಗೆ ಕಠಿಣವಾಗುವುದು ಸಾಮಾನ್ಯವಾಗಿ ಇದೇ ಭಾಗ. ಸೂತ್ರಗಳನ್ನು ಬಾಯಿಪಾಠ ಮಾಡಿದವರಿಗೆ ಇಲ್ಲಿ ದಾರಿಯಿಲ್ಲ. ವರ್ಷಗಳ ಕಾಲ ಓದುವ ಅಭ್ಯಾಸ ಇಟ್ಟುಕೊಂಡವರಿಗೆ ಮಾತ್ರ ಇದು ಒಲಿಯುತ್ತದೆ.

ಎಂ.ಡಿ. ಕೊಡುವ ಬಹುಪಾಲು ಕಾಲೇಜುಗಳಿಗೆ ಒಂದೇ ಅರ್ಜಿ. ಅಮೆರಿಕದ ವೈದ್ಯವಿದ್ಯಾಲಯಗಳ ಒಕ್ಕೂಟ ನಡೆಸುವ ಆಮ್‌ಕ್ಯಾಸ್ ಎಂಬ ಸೇವೆಯ ಮೂಲಕ ಅದನ್ನು ಸಲ್ಲಿಸಬೇಕು. ಟೆಕ್ಸಾಸ್ ರಾಜ್ಯದ ಕಾಲೇಜುಗಳಿಗೆ ಪ್ರತ್ಯೇಕ ವ್ಯವಸ್ಥೆಯಿದೆ. ಮುಂದಿನ ವರ್ಷದ ಜುಲೈ, ಆಗಸ್ಟ್‌ನಲ್ಲಿ ತರಗತಿ ಸೇರಬೇಕಾದವರು ಈ ವರ್ಷದ ಮೇ ತಿಂಗಳಲ್ಲಿ ಅರ್ಜಿ ತುಂಬಲು ಆರಂಭಿಸಬೇಕು. ಮೇ ಕೊನೆಯಲ್ಲೋ ಜೂನ್ ಆರಂಭದಲ್ಲೋ ಸಲ್ಲಿಕೆ ಶುರುವಾಗುತ್ತದೆ. ಬಹಳಷ್ಟು ಕಾಲೇಜುಗಳು ಅರ್ಜಿ ಬಂದಂತೆ ಬಂದಂತೆ ಪರಿಶೀಲಿಸಿ ಸೀಟು ತುಂಬುತ್ತಾ ಹೋಗುವುದರಿಂದ, ಕೊನೆಯ ದಿನಾಂಕದವರೆಗೆ ಕಾಯುವವರಿಗೆ ಉಳಿಯುವುದು ಕಡಮೆ. ಮೊದಲ ಅರ್ಜಿಯ ನಂತರ ಪ್ರತಿ ಕಾಲೇಜೂ ತನ್ನದೇ ಪ್ರಶ್ನೆಗಳಿಗೆ ಪ್ರಬಂಧರೂಪದ ಉತ್ತರ ಕೇಳುತ್ತದೆ. ಅದಕ್ಕೆ ಬೇರೆ ಶುಲ್ಕ. ಆಮೇಲೆ ಕರೆ ಬಂದವರಿಗೆ ಸಂದರ್ಶನ. 2020ರ ಮಹಾಮಾರಿಯ ನಂತರ ಹಲವು ಕಾಲೇಜುಗಳು ಸಂದರ್ಶನವನ್ನು ದೃಶ್ಯಕರೆಯ ಮೂಲಕವೇ ನಡೆಸುತ್ತಿವೆ. ಮರುವರ್ಷದ ವಸಂತದ ಹೊತ್ತಿಗೆ ಫಲ ತಿಳಿಯುತ್ತದೆ. ಒಟ್ಟಿನಲ್ಲಿ ಹದಿನಾಲ್ಕು ತಿಂಗಳ ತಪಸ್ಸು.

ಅಂಕಪಟ್ಟಿಯಾಚೆಗಿನ ಅರ್ಜಿ

ನಮ್ಮವರಿಗೆ ಅಚ್ಚರಿಯೆನಿಸುವುದು ಅರ್ಜಿಯ ಉಳಿದ ಭಾಗಗಳು. ವೈದ್ಯಳಾಗಬೇಕೆಂಬ ಬಯಕೆ ಏಕೆ ಬಂತು ಎಂಬುದನ್ನು ಅಭ್ಯರ್ಥಿ ತನ್ನ ಮಾತಿನಲ್ಲಿ ಬರೆಯಬೇಕು. ಅದಕ್ಕೆ ಕೊಟ್ಟಿರುವ ಮಿತಿ ಅಂತರಗಳೂ ಸೇರಿ 5300 ಅಕ್ಷರಗಳು. ಮಾಡಿದ ಕೆಲಸ, ಸೇವೆ, ಸಂಶೋಧನೆಗಳಲ್ಲಿ 15ರವರೆಗೆ ವಿವರಿಸಬಹುದು. ವೈದ್ಯರ ಜೊತೆ ಆಸ್ಪತ್ರೆಯಲ್ಲಿ ನಿಂತು ನೋಡಿದ ಗಂಟೆಗಳ ಲೆಕ್ಕ ಬೇಕು. ಪಾಠ ಹೇಳಿದ ಪ್ರಾಧ್ಯಾಪಕರ ಪತ್ರಗಳು ಬೇಕು. ಆ ಪತ್ರಗಳಲ್ಲಿ ಈ ವಿದ್ಯಾರ್ಥಿನಿ ಬುದ್ಧಿವಂತೆ ಎಂದಷ್ಟೇ ಇದ್ದರೆ ಸಾಲದು. ಸಹಪಾಠಿಗಳೊಡನೆ ಹೇಗೆ ನಡೆದುಕೊಂಡಳು, ಪ್ರಯೋಗ ಕೆಟ್ಟಾಗ ಏನು ಮಾಡಿದಳು ಎಂಬುದನ್ನೂ ತಿಳಿಯಬಯಸುತ್ತಾರೆ.

ಹುಡುಗಿ ತನ್ನ ಪ್ರಬಂಧವನ್ನು ಕನ್ನಡದಲ್ಲಿ ಮನೆಯವರಿಗೆ ಹೇಳಿ ಕೇಳಿಸಿದಳು. ಅದರಲ್ಲಿ ಇದ್ದುದು ಅಜ್ಜಿಯ ಕಾಲಿನ ಹುಣ್ಣು. ಸಕ್ಕರೆ ಕಾಯಿಲೆಯಿಂದ ಅಜ್ಜಿಯ ಪಾದದ ಗಾಯ ವಾಸಿಯಾಗದೆ ಇದ್ದಾಗ, ರಜೆಯಲ್ಲಿ ಬಂದಿದ್ದ ಮೊಮ್ಮಗಳು ದಿನವೂ ಹತ್ತಿರದ ಆಸ್ಪತ್ರೆಗೆ ಕರೆದೊಯ್ದು ಗಾಯ ಕಟ್ಟಿಸಿಕೊಂಡು ಬರುತ್ತಿದ್ದಳು. ಅಲ್ಲಿನ ದಾದಿಯಿಂದ ಪಾದ ತೊಳೆದು ನೋಡುವ ಕ್ರಮ ಕಲಿತು, ಕೇರಿಯ ಇತರ ಹಿರಿಯರ ಪಾದಗಳನ್ನೂ ನೋಡತೊಡಗಿದಳು. ಬರಿಗಾಲಿನಲ್ಲಿ ಹೊಲಕ್ಕೆ ಹೋಗುವವರಿಗೆ ಸ್ಪರ್ಶಜ್ಞಾನ ಕುಂದಿದ್ದರೂ ತಿಳಿಯದೆ ಮುಳ್ಳು ಚುಚ್ಚಿಕೊಂಡು ಗಾಯ ಬಲಿಯುವುದನ್ನು ಅವಳು ಬರೆದಿದ್ದಳು. ಯಾವ ಆಡಂಬರದ ಮಾತೂ ಅದರಲ್ಲಿರಲಿಲ್ಲ.

ಎಲ್ಲವನ್ನೂ ಕೇಳಿದ ಅಜ್ಜಿ, "ಅಯ್ಯೋ ನನ್ನವ್ವಾ, ನನ್ನ ಕಾಲಿನ ಹುಣ್ಣು ನನಗಿಂತ ಮೊದಲೇ ಅಮೆರಿಕಕ್ಕೆ ಹೊರಟಿತಲ್ಲ!" ಎಂದರು. ಮನೆಮಂದಿಯೆಲ್ಲ ನಕ್ಕರು. ನಗುವಿನ ನಡುವೆಯೂ ಅಜ್ಜಿ ಮೊಮ್ಮಗಳ ಕೈಹಿಡಿದು ಕುಳಿತದ್ದನ್ನು ನಾವು ಕಂಡೆವು.

ಬಾಗಿಲು ಎಷ್ಟು ತೆರೆದಿದೆ?

ಅಮೆರಿಕದಲ್ಲಿ ಎಂ.ಡಿ. ಕೊಡುವ ವಿದ್ಯಾಲಯಗಳು 150ಕ್ಕೂ ಹೆಚ್ಚು. ಪ್ರತಿವರ್ಷ ಸುಮಾರು 50 ಸಾವಿರ ಮಂದಿ ಅರ್ಜಿ ಹಾಕಿ, 22 ಸಾವಿರಕ್ಕೂ ಮಿಕ್ಕು ಮಂದಿ ಪ್ರವೇಶ ಪಡೆಯುತ್ತಾರೆ. ಇದನ್ನು ಕೇಳಿದರೆ ಬಾಗಿಲು ಅಗಲವಾಗಿಯೇ ಇದೆ ಎನಿಸುತ್ತದೆ. ಆದರೆ ಸೇರಿದವರಲ್ಲಿ ಹೊರದೇಶದ ಪ್ರಜೆಗಳು ಶೇಕಡ ಒಂದರಷ್ಟೂ ಇರುವುದಿಲ್ಲ. ರಾಜ್ಯ ಸರ್ಕಾರಗಳ ಹಣದಿಂದ ನಡೆಯುವ ಕಾಲೇಜುಗಳು ತಮ್ಮ ರಾಜ್ಯದ ಮಕ್ಕಳಿಗೆ ಆದ್ಯತೆ ಕೊಡುತ್ತವೆ. ಹೆಚ್ಚಿನ ಕಾಲೇಜುಗಳು ಹೊರದೇಶದವರ ಅರ್ಜಿಯನ್ನು ತೆಗೆದು ನೋಡುವುದೂ ಇಲ್ಲ. ನೋಡುವ ಕಾಲೇಜುಗಳಲ್ಲಿಯೂ ಬಹುಪಾಲು, ಅಮೆರಿಕ ಅಥವಾ ಕೆನಡಾದ ಮಾನ್ಯತೆ ಪಡೆದ ಕಾಲೇಜಿನಲ್ಲಿ ಕನಿಷ್ಠ ಒಂದೆರಡು ವರ್ಷವಾದರೂ ಓದಿರಬೇಕು, ಕೆಲವು ಕಡೆ ಪದವಿಯೇ ಅಲ್ಲಿಯದಾಗಿರಬೇಕು ಎನ್ನುತ್ತವೆ. ನಮ್ಮಲ್ಲಿ ಬಿ.ಎಸ್ಸಿ. ಮುಗಿಸಿ ನೇರವಾಗಿ ಅರ್ಜಿ ಹಾಕುವವರಿಗೆ ದಾರಿ ಬಹಳ ಕಿರಿದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಅಮೆರಿಕದ ಸರ್ಜನ್ ಜನರಲ್ ಎಂಬ ಉನ್ನತ ಹುದ್ದೆಯನ್ನು 2014ರಿಂದ 2017ರವರೆಗೂ, ಮತ್ತೆ 2021ರಿಂದ 2025ರ ಜನವರಿಯವರೆಗೂ ಅಲಂಕರಿಸಿದ್ದ ಡಾ. ವಿವೇಕ್ ಮೂರ್ತಿಯವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು. ಕನ್ನಡಿಗರೆಲ್ಲ ಹೆಮ್ಮೆಪಡುವ ಸಂಗತಿ ಅದು. ಅವರ ಹೆಸರು ಹೇಳಿ, ನಮ್ಮ ಮಕ್ಕಳೂ ಹಾಗೆಯೇ ಹೋಗಬಹುದೆಂದು ಉತ್ಸಾಹದಿಂದ ಮಾತಾಡುವವರಿದ್ದಾರೆ. ಆದರೆ ಅವರು ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದ ಮಯಾಮಿಯಲ್ಲಿ ಬೆಳೆದು, ಹಾರ್ವರ್ಡ್‌ನಲ್ಲಿ ಪದವಿಯನ್ನೂ ಯೇಲ್‌ನಲ್ಲಿ 2003ರಲ್ಲಿ ಎಂ.ಡಿ.ಯನ್ನೂ ಪಡೆದವರು. ಆ ನೆಲದಲ್ಲೇ ಬೆಳೆದ ಮಗುವಿಗೆ ತೆರೆದಿರುವ ಬಾಗಿಲಿಗೂ, ಅರಿಶಿನಕುಂಟೆಯಿಂದ ವಿದ್ಯಾರ್ಥಿ ವೀಸಾದಲ್ಲಿ ಹೋದ ಮಗುವಿಗೆ ತೆರೆದಿರುವ ಬಾಗಿಲಿಗೂ ಬಹಳ ಅಂತರವಿದೆ.

ಅದಕ್ಕಿಂತ ಮುಖ್ಯವಾದುದು ಹಣ. ಅಲ್ಲಿನ ಖಾಸಗಿ ಕಾಲೇಜಿನಲ್ಲಿ ನಾಲ್ಕು ವರ್ಷದ ಬೋಧನಾಶುಲ್ಕ, ವಸತಿ, ವಿಮೆ, ಊಟ ಎಲ್ಲ ಸೇರಿ ಮೂರೂವರೆ ಲಕ್ಷ ಡಾಲರ್ ದಾಟುತ್ತದೆ. ನಮ್ಮ ಲೆಕ್ಕದಲ್ಲಿ ಮೂರು ಕೋಟಿ ರೂಪಾಯಿಯ ಮಾತು. ಅಮೆರಿಕದ ವಿದ್ಯಾರ್ಥಿಗಳು ಕೇಂದ್ರ ಸರ್ಕಾರದ ಸಾಲ ಪಡೆದು ಓದುತ್ತಾರೆ. ಹೊರದೇಶದವರಿಗೆ ಆ ಸಾಲವಿಲ್ಲ. ಅರ್ಜಿಶುಲ್ಕದಲ್ಲಿ ಬಡವರಿಗೆ ಸಿಗುವ ರಿಯಾಯಿತಿಯೂ ಇಲ್ಲ. ಕೆಲವು ಕಾಲೇಜುಗಳಂತೂ ಸೀಟು ಕೊಟ್ಟ ಮೇಲೆ ಒಂದು ವರ್ಷದ್ದೋ, ನಾಲ್ಕೂ ವರ್ಷದ್ದೋ ಹಣವನ್ನು ಮೊದಲೇ ಒಂದು ಕಾಪುಖಾತೆಯಲ್ಲಿ ಇಟ್ಟು ತೋರಿಸಬೇಕೆನ್ನುತ್ತವೆ. ಇನ್ನು ಕೆಲವೇ ಕೆಲವು ಶ್ರೀಮಂತ ವಿದ್ಯಾಲಯಗಳು ಹೊರದೇಶದವರಿಗೂ ಮನೆಯ ಆದಾಯ ನೋಡಿ ನೆರವು ಕೊಡುತ್ತವೆ. ಅಲ್ಲಿ ಸ್ಪರ್ಧೆ ಅತ್ಯಂತ ತೀವ್ರ.

ಹುಡುಗಿಯ ನೋಟುಪುಸ್ತಕದಲ್ಲಿ ಇದೆಲ್ಲದರ ಫಲ ಕಾಣುತ್ತಿತ್ತು. ಹೊರದೇಶದವರನ್ನು ಪರಿಗಣಿಸುವ ಕಾಲೇಜುಗಳ ಪಟ್ಟಿ. ಅದರಲ್ಲಿ ಹಣ ಮೊದಲೇ ಇಡಬೇಕೆನ್ನುವವುಗಳ ಮೇಲೆ ಗೆರೆ. ನೆರವು ಕೊಡದವುಗಳ ಮೇಲೂ ಗೆರೆ. ಕೊನೆಗೆ ಉಳಿದವು ಒಂಬತ್ತು.

ಸುಮಾರು ನೂರನಲವತ್ತು ವರ್ಷದ ಹಿಂದಿನ ಒಂದು ಅರ್ಜಿ

ಆ ಒಂಬತ್ತು ಹೆಸರುಗಳನ್ನು ನೋಡಿದಾಗ ನಮಗೆ ನೆನಪಾದವರು ಆನಂದಿಬಾಯಿ ಜೋಶಿ. 1865ರಲ್ಲಿ ಮುಂಬಯಿ ಪ್ರಾಂತದ ಕಲ್ಯಾಣದಲ್ಲಿ ಹುಟ್ಟಿ, ಒಂಬತ್ತನೆಯ ವಯಸ್ಸಿಗೆ ಅಂಚೆ ಇಲಾಖೆಯ ನೌಕರರಾದ ಗೋಪಾಲರಾವ್ ಜೋಶಿಯವರನ್ನು ಮದುವೆಯಾಗಿ, ಹದಿನಾಲ್ಕರಲ್ಲಿ ಹೆತ್ತ ಮಗುವನ್ನು ಹತ್ತೇ ದಿನಕ್ಕೆ ಕಳೆದುಕೊಂಡ ಬಾಲೆ. ಹೆಣ್ಣುಮಕ್ಕಳನ್ನು ಪರೀಕ್ಷಿಸಲು ವೈದ್ಯೆಯರಿಲ್ಲದ ಕಾಲ ಅದು. ತಾನೇ ವೈದ್ಯೆಯಾಗಬೇಕೆಂದು ನಿಶ್ಚಯಿಸಿದ ಆಕೆ, ಅಮೆರಿಕದ ನ್ಯೂಜೆರ್ಸಿಯ ಕಾರ್ಪೆಂಟರ್ ಎಂಬ ಮಹಿಳೆಯ ಪತ್ರಸ್ನೇಹವನ್ನೇ ಆಸರೆಯಾಗಿಟ್ಟುಕೊಂಡು 1883ರಲ್ಲಿ ಕಲ್ಕತ್ತದಿಂದ ಹಡಗು ಹತ್ತಿದರು.

ಫಿಲಡೆಲ್ಫಿಯದಲ್ಲಿದ್ದ ಪೆನ್ಸಿಲ್ವೇನಿಯ ಮಹಿಳಾ ವೈದ್ಯವಿದ್ಯಾಲಯಕ್ಕೆ ಆಕೆ ಬರೆದ ಅರ್ಜಿ ಇಂದಿಗೂ ಸ್ಮರಣೀಯ. ಪ್ರವೇಶಕ್ಕೆ ಬೇಕಾದ ಎಲ್ಲ ಅರ್ಹತೆಗಳು ತಮಗೆ ಇರದಿರಬಹುದೆಂದು ಒಪ್ಪಿಕೊಂಡು, ಬಂಧುಬಳಗದ ವಿರೋಧವನ್ನು ಎದುರಿಸಿ ಬಂದ ನಿಶ್ಚಯವನ್ನೂ, ತಾಯ್ನಾಡಿನ ಹೆಂಗಸರಿಗೆ ಚಿಕಿತ್ಸೆ ದೊರೆಯಬೇಕೆಂಬ ಉದ್ದೇಶವನ್ನೂ ಆಕೆ ಮುಂದಿಟ್ಟರು. ವಿದ್ಯಾಲಯ ಅವರನ್ನು ಸೇರಿಸಿಕೊಂಡಿತು. 1886ರ ಮಾರ್ಚ್ 11ರಂದು ಅವರಿಗೆ ಎಂ.ಡಿ. ಪದವಿ ದೊರೆಯಿತು. ಕೊಲ್ಲಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯಲ್ಲಿ ಮಹಿಳಾ ವಿಭಾಗದ ಹೊಣೆ ಅವರಿಗಾಗಿ ಕಾದಿತ್ತು. ಆದರೆ ಪರದೇಶದ ಚಳಿ, ಸರಿಹೊಂದದ ಆಹಾರ, ಕ್ಷಯರೋಗಗಳಿಂದ ಜರ್ಜರಿತರಾಗಿ ಹಿಂದಿರುಗಿದ ಅವರು 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡರು. ಆಗ ವಯಸ್ಸು ಇಪ್ಪತ್ತೆರಡೂ ತುಂಬಿರಲಿಲ್ಲ. ಅವರ ಚಿತಾಭಸ್ಮವನ್ನು ಅಮೆರಿಕಕ್ಕೆ ಕಳುಹಿಸಲಾಯಿತು. ಕಾರ್ಪೆಂಟರ್ ಅವರ ಕುಟುಂಬದ ಸಮಾಧಿಸ್ಥಳದಲ್ಲಿ ಅದನ್ನು ಇರಿಸಿದ್ದಾರೆ.

ಈ ಕಥೆಯನ್ನು ಹೇಳಿ ಮಕ್ಕಳನ್ನು ಹುರಿದುಂಬಿಸುವುದು ಸುಲಭ. ನಮಗೆ ಅದರಲ್ಲಿ ಎಚ್ಚರಿಕೆಯೂ ಕಾಣುತ್ತದೆ. ದೂರದೇಶದ ವಿದ್ಯೆಗೆ ಶರೀರ ತೆರುವ ಬೆಲೆಯನ್ನು ಮನೆಯವರು ಮರೆಯಬಾರದು. ಹುಡುಗಿಯ ತಾಯಿ ಆ ಸಂಜೆ ಅಡುಗೆಮನೆಯಲ್ಲಿ ನಮ್ಮ ಮನೆಯಾಕೆಯೊಡನೆ, "ಅಕ್ಕಾ, ಮೂರು ವರ್ಷದಲ್ಲಿ ಇವಳು ಎಷ್ಟು ತೆಳ್ಳಗಾಗಿದ್ದಾಳೆ ನೋಡಿದಿರಾ? ಫೋನಿನಲ್ಲಿ ಮುಖ ಮಾತ್ರ ಕಾಣುತ್ತೆ" ಎಂದರಂತೆ. ಹಣದ ಲೆಕ್ಕದಲ್ಲಿ ಬರೆಯದ ಕಾಲಮು ಅದು.

ಇನ್ನೊಂದು ಹಾದಿ

ನೆಲಮಂಗಲದಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಒಂದು ಕುಣಿಗಲ್, ಹಾಸನದ ಮೂಲಕ ಮಂಗಳೂರಿಗೆ. ಇನ್ನೊಂದು ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿಗಳ ಮೂಲಕ ಬೆಳಗಾವಿಗೆ. ಈ ಎರಡನೆಯ ಹಾದಿಯ ಮೇಲೆಯೇ ಎಷ್ಟೊಂದು ವೈದ್ಯಕೀಯ ಕಾಲೇಜುಗಳಿವೆ! ಹುಬ್ಬಳ್ಳಿಯದು 1957ರದು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರು ಕಾಲೇಜು 1963ರಲ್ಲಿಯೂ, ದಾವಣಗೆರೆಯ ಜೆ.ಜೆ.ಎಂ. ಕಾಲೇಜು 1965ರಲ್ಲಿಯೂ ಆರಂಭವಾದವು. ಏಳು ಮಂದಿ ಶಿಕ್ಷಕರು 1916ರಲ್ಲಿ ಕಟ್ಟಿದ ಸಂಸ್ಥೆ ವೈದ್ಯಕೀಯ ಕಾಲೇಜಿನವರೆಗೆ ಬೆಳೆದುದು ನಮ್ಮ ಸಮಾಜದ ದೊಡ್ಡ ಸಾಧನೆಗಳಲ್ಲೊಂದು.

ಇಂದು ಅಮೆರಿಕದಲ್ಲಿ ವೃತ್ತಿ ನಡೆಸುತ್ತಿರುವ ಕನ್ನಡ ವೈದ್ಯರಲ್ಲಿ ಹಿರಿಯ ತಲೆಮಾರಿನ ಬಹುಮಂದಿ ಇಂಥ ಕಾಲೇಜುಗಳಲ್ಲಿ ಎಂ.ಬಿ.ಬಿ.ಎಸ್. ಮಾಡಿ ಆಮೇಲೆ ಹೋದವರು. 1965ರ ಅಮೆರಿಕದ ವಲಸೆ ಕಾನೂನು ಅವರಿಗೆ ಬಾಗಿಲು ತೆರೆಯಿತು. ಅಲ್ಲಿನ ವೈದ್ಯರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಹೊರದೇಶದ ಕಾಲೇಜುಗಳಲ್ಲಿ ಓದಿದವರು. ಈ ಹಾದಿಯಲ್ಲಿ ಹೋಗುವವರು 1956ರಲ್ಲಿ ಸ್ಥಾಪಿತವಾದ ಇ.ಸಿ.ಎಫ್.ಎಂ.ಜಿ. ಎಂಬ ಸಂಸ್ಥೆಯ ಪ್ರಮಾಣಪತ್ರ ಪಡೆಯಬೇಕು. ಅದಕ್ಕಾಗಿ ಯು.ಎಸ್.ಎಂ.ಎಲ್.ಇ. ಪರೀಕ್ಷೆಯ ಎರಡು ಹಂತಗಳನ್ನು ಮುಗಿಸಬೇಕು. ಮೊದಲ ಹಂತಕ್ಕೆ 2022ರಿಂದ ಅಂಕಗಳಿಲ್ಲ. ತೇರ್ಗಡೆ ಅಥವಾ ಅನುತ್ತೀರ್ಣ ಅಷ್ಟೆ. ಆಮೇಲೆ ಆಸ್ಪತ್ರೆಗಳ ಸಂದರ್ಶನ, ಮಾರ್ಚ್ ತಿಂಗಳಲ್ಲಿ ಗಣಕದ ಮೂಲಕ ನಡೆಯುವ ಹೊಂದಾಣಿಕೆ. ಅಮೆರಿಕದ ಪ್ರಜೆಗಳಲ್ಲದ, ಹೊರದೇಶದಲ್ಲಿ ಓದಿದ ಅಭ್ಯರ್ಥಿಗಳಲ್ಲಿ ಈಚಿನ ವರ್ಷಗಳಲ್ಲಿ ಹತ್ತರಲ್ಲಿ ಆರು ಮಂದಿಗೆ ಸ್ಥಾನ ಸಿಗುತ್ತಿದೆ. ರೆಸಿಡೆನ್ಸಿಯಲ್ಲಿ ಶುಲ್ಕವಿಲ್ಲ, ಕಲಿಯುವಾಗಲೇ ಸಂಬಳವಿದೆ. ಹೊಲ ಮಾರುವ ಪ್ರಶ್ನೆ ಅಲ್ಲಿ ಬಾರದು. ಜೆ-1 ವೀಸಾದಲ್ಲಿ ಹೋದವರು ತರಬೇತಿಯ ನಂತರ ಎರಡು ವರ್ಷ ತಾಯ್ನಾಡಿಗೆ ಮರಳಬೇಕು, ಇಲ್ಲವೆ ವೈದ್ಯರ ಕೊರತೆಯಿರುವ ಅಲ್ಲಿನ ಊರುಗಳಲ್ಲಿ ಸೇವೆ ಸಲ್ಲಿಸಿ ವಿನಾಯಿತಿ ಪಡೆಯಬೇಕೆಂಬ ನಿಯಮವಿದೆ.

ಈ ಹಾದಿ ಹುಡುಗಿಗೆ ಗೊತ್ತಿಲ್ಲದ್ದಲ್ಲ. ಆದರೆ ಮೂರು ವರ್ಷ ಅಲ್ಲಿ ಓದಿದ ಮೇಲೆ ಮತ್ತೆ ಇಲ್ಲಿ ಮೊದಲಿನಿಂದ ಆರಂಭಿಸುವುದೆಂದರೆ ವಯಸ್ಸಿನ ಲೆಕ್ಕ ಅಡ್ಡ ಬರುತ್ತದೆ. ಇದನ್ನು ಪಿ.ಯು.ಸಿ. ಹಂತದಲ್ಲಿಯೇ ಯೋಚಿಸುವವರಿಗೆ ಎರಡೂ ಹಾದಿ ತೆರೆದಿರುತ್ತವೆ. ಕವಲು ದಾಟಿದ ಮೇಲೆ ಹಿಂದಿರುಗುವುದು ಕಷ್ಟ.

ಮೂರನೆಯ ಹಾದಿಯೊಂದರ ಬಗ್ಗೆಯೂ ಎಚ್ಚರಿಸಬೇಕು. ನಮ್ಮ ಪರಿಚಯದ ಕುಟುಂಬವೊಂದಕ್ಕೆ ನಗರದ ದಲ್ಲಾಳಿಯೊಬ್ಬರು ಅಮೆರಿಕದ ಸೀಟು ಎಂದು ಹೇಳಿ ಮುಂಗಡ ಪಡೆದು, ಕೊನೆಗೆ ತೋರಿಸಿದ್ದು ಕೆರಿಬಿಯನ್ ಸಮುದ್ರದ ದ್ವೀಪವೊಂದರ ಕಾಲೇಜನ್ನು. ಅಂಥ ಕಾಲೇಜುಗಳಲ್ಲಿ ಓದಿ ಮುಂದೆ ಬಂದವರೂ ಇದ್ದಾರೆ. ಆದರೆ ಅದು ಅಮೆರಿಕದ ಕಾಲೇಜಲ್ಲ. ಅಲ್ಲಿ ಓದಿದವರು ಹೊರದೇಶದ ಪದವೀಧರರೆಂದೇ ಪರಿಗಣಿತರಾಗುತ್ತಾರೆ. ಇದನ್ನು ಮೊದಲೇ ತಿಳಿದು ಒಪ್ಪುವುದು ಬೇರೆ, ಮೋಸಹೋಗುವುದು ಬೇರೆ.

ಮನೆಯ ನಿರ್ಧಾರ

ಸಂಜೆಯ ಹೊತ್ತಿಗೆ ಮನೆಯವರು ಒಂದು ನಿಲುವಿಗೆ ಬಂದರು. ಹೊಲವನ್ನು ಈಗ ಮಾರುವುದಿಲ್ಲ. ಒಂಬತ್ತು ಕಾಲೇಜುಗಳ ಅರ್ಜಿಯ ಖರ್ಚನ್ನು ತಂದೆ ತಮ್ಮ ಉಳಿತಾಯದಿಂದ ಕೊಡುತ್ತಾರೆ. ನೆರವಿನ ಸಹಿತ ಸೀಟು ಸಿಕ್ಕಿದರೆ ಉಳಿದ ಮೊತ್ತಕ್ಕೆ ಏನು ಮಾಡಬೇಕೆಂದು ಆಗ ಕುಳಿತು ಯೋಚಿಸುವುದು. ಆ ಮಾತಿಗೆ ತಮ್ಮನೂ ಕುಳಿತಿರಬೇಕು ಎಂದು ಅಜ್ಜನವರು ಸೇರಿಸಿದರು. ಸಿಗದಿದ್ದರೆ ಪದವಿಯ ನಂತರ ವಿದ್ಯಾರ್ಥಿ ವೀಸಾದಲ್ಲಿ ಅನುಮತಿಯಿರುವ ಅವಧಿಯಲ್ಲಿ ಪ್ರಯೋಗಶಾಲೆಯೊಂದರಲ್ಲಿ ಕೆಲಸ ಮಾಡಿ ಇನ್ನೊಮ್ಮೆ ಅರ್ಜಿ ಹಾಕುವುದು. ಎರಡನೆಯ ಸಲವೂ ಆಗದಿದ್ದರೆ ಸಂಶೋಧನೆಯನ್ನೋ ಸಾರ್ವಜನಿಕ ಆರೋಗ್ಯದ ವ್ಯಾಸಂಗವನ್ನೋ ಹಿಡಿಯುವುದು. ಮೂರನೆಯ ಸಲವಿಲ್ಲ. ಈ ಮಿತಿಯನ್ನು ಹಾಕಿಕೊಂಡವಳು ಹುಡುಗಿಯೇ. ಅವಳ ಅರ್ಜಿ ಜೂನ್ ಮೊದಲ ವಾರದಲ್ಲಿ ಹೋಯಿತೆಂದು ಆಮೇಲೆ ನಮಗೆ ತಿಳಿಯಿತು.

ಪಾಲಕರಲ್ಲಿ ಒಂದು ಮಾತು

ಇಂಥ ಯೋಚನೆಯಲ್ಲಿರುವ ಪಾಲಕರು ಕಾಗದಕ್ಕೆ ರುಜು ಹಾಕುವ ಮೊದಲು ಕೆಲವು ಪ್ರಶ್ನೆಗಳಿಗೆ ಉತ್ತರ ಪಡೆಯಬೇಕು. ಮಗು ಸೇರಬಯಸುವ ಕಾಲೇಜು ಹೊರದೇಶದವರನ್ನು ನಿಜವಾಗಿ ಸೇರಿಸಿಕೊಳ್ಳುತ್ತದೆಯೆ? ಕಳೆದ ಎರಡು ಮೂರು ವರ್ಷಗಳಲ್ಲಿ ಎಷ್ಟು ಮಂದಿಯನ್ನು ಸೇರಿಸಿಕೊಂಡಿದೆ? ನೆರವು ಕೊಡುತ್ತದೆಯೆ, ಹಣ ಮೊದಲೇ ಇಡಬೇಕೆ? ಸೀಟು ಸಿಗದಿದ್ದರೆ ಪದವಿಯೊಂದನ್ನೇ ನಂಬಿ ಬದುಕು ಕಟ್ಟಲು ಸಾಧ್ಯವೆ? ಮುಂದೆ ಊರಿಗೆ ಹಿಂದಿರುಗಿ ವೃತ್ತಿ ನಡೆಸುವ ಆಸೆಯಿದ್ದರೆ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮಗಳೇನು? 2018ರಿಂದ ಹೊರದೇಶದಲ್ಲಿ ವೈದ್ಯಕೀಯ ಓದುವ ಭಾರತೀಯರಿಗೂ ನೀಟ್ ತೇರ್ಗಡೆ ಅಗತ್ಯವಾಗಿದೆ ಎಂಬುದನ್ನು ಹಲವರು ಗಮನಿಸುವುದೇ ಇಲ್ಲ. ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನೇ ನೋಡಬೇಕು. ಪಕ್ಕದ ಮನೆಯವರ ಅನುಭವ ಸಾಲದು.

ತುಮಕೂರು ಸೀಮೆಯಿಂದ ಬೆಂಗಳೂರಿಗೆ ಓದಲು ಬಂದ ಬಡ ಮಕ್ಕಳು ಒಂದು ಕಾಲದಲ್ಲಿ ಇದೇ ರಸ್ತೆಯಲ್ಲಿ ಬಂದವರು. ಅವರಿಗೆ ತಲೆಯ ಮೇಲೊಂದು ಸೂರು, ಹೊತ್ತಿಗೆ ಊಟ ಇರಲೆಂದು ಗುಬ್ಬಿ ತೋಟದಪ್ಪನವರು ಉಚಿತ ವಿದ್ಯಾರ್ಥಿನಿಲಯ ಕಟ್ಟಿದರು. ರೈಲು ನಿಲ್ದಾಣದ ಎದುರಿನ ಅವರ ಧರ್ಮಛತ್ರವೂ ಹಳೆಯದು. ಇಂದು ಮಕ್ಕಳು ಹೋಗುವ ಊರು ದೂರವಾಗಿದೆ, ಅವರಿಗೆ ಬೇಕಾದ ಆಸರೆಯ ಬಗೆಯೂ ಬದಲಾಗಿದೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ವೈದ್ಯಬಂಧುಗಳು, ಉತ್ತರ ಅಮೆರಿಕದ ವೀರಶೈವ ಸಮಾಜದಂತಹ ಸಂಘಗಳು ಇಲ್ಲಿನ ಪಿ.ಯು.ಸಿ. ವಿದ್ಯಾರ್ಥಿಗಳೊಡನೆ ವರ್ಷಕ್ಕೊಮ್ಮೆ ಒಂದೆರಡು ಗಂಟೆ ಮಾತಾಡಿ, ಎರಡು ಹಾದಿಗಳ ದೂರವನ್ನೂ ಖರ್ಚನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದರೆ, ಎಷ್ಟೋ ಮನೆಗಳ ಹೊಲ ಉಳಿದೀತು, ಎಷ್ಟೋ ಮಕ್ಕಳ ವರ್ಷಗಳೂ ಉಳಿದಾವು. ನಮ್ಮ ಓದುಗರಲ್ಲಿ ಯಾರಿಗಾದರೂ ಅಂಥ ಬಂಧುಗಳಿದ್ದರೆ ಈ ಮಾತನ್ನು ಅವರಿಗೆ ಮುಟ್ಟಿಸಬೇಕಾಗಿ ವಿನಂತಿ.